ಹಸುಗೂಸಿಗೆ ಹಾಲು, ಬಾಣಂತಿಗೆ ನಿದ್ದೆ: ಮೊದಲ ಆರು ವಾರ

ಹೆರಿಗೆಯ ದಿನ ಹತ್ತಿರ ಬಂದ ಮನೆಯಲ್ಲಿ ಸಾಮಾನು ಸೇರಲು ಶುರುವಾಗುತ್ತದೆ. ರಾಗಿ ತುಂಬಿದ ಪುಟ್ಟ ದಿಂಬು, ಹಾಲಿನ ಬಾಟಲಿ, ಬಾಟಲಿ ಕುದಿಸುವ ಯಂತ್ರ, ಪೌಡರು, ಕ್ರೀಮು, ಲೋಷನ್ನು ಜೋಡಿಸಿಟ್ಟ ಉಡುಗೊರೆ ಡಬ್ಬಿ, ಗ್ರೈಪ್ ವಾಟರ್. ಇದರಲ್ಲಿ ಮುಕ್ಕಾಲು ಪಾಲು ಮಗುವಿಗೆ ಬೇಡ; ಒಂದೆರಡು ಅಪಾಯವೂ ಹೌದು. ಹುಟ್ಟಿದ ಕೂಸಿಗೆ ಬೇಕಾದದ್ದು ಅಮ್ಮನ ಮೈಬಿಸಿ, ಎದೆಹಾಲು, ತೊಳೆದ ಕೈ, ಹೊತ್ತಿಗೆ ಸರಿಯಾಗಿ ಲಸಿಕೆ, ಏನಾದರೂ ಹೆಚ್ಚುಕಮ್ಮಿಯಾದರೆ ಕೂಡಲೇ ಗುರುತಿಸುವ ಕಣ್ಣು. ಪಟ್ಟಿ ಇಷ್ಟೇ. ಹೆತ್ತವಳಿಗೆ ಬೇಕಾದ್ದರ ಪಟ್ಟಿ ಇದಕ್ಕಿಂತ ಉದ್ದವಿದೆ. ಅದನ್ನು ಬರೆದಿಟ್ಟುಕೊಳ್ಳುವ ಮನೆಗಳು ಮಾತ್ರ ಕಡಿಮೆ.

ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತವೆ ಎನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಅಜ್ಜಿಯರ ಕಾಲಕ್ಕೆ ಸಿಗದಿದ್ದ ದೊಡ್ಡ ರಕ್ಷಣೆ ಇದು. ಆದರೆ ಸಹಜ ಹೆರಿಗೆಯಾದವರಿಗೆ ಎರಡು ಮೂರು ದಿನಕ್ಕೆ, ಸಿಸೇರಿಯನ್ ಆದವರಿಗೆ ನಾಲ್ಕೈದು ದಿನಕ್ಕೆ ಡಿಸ್ಚಾರ್ಜ್ ಆಗಿಬಿಡುತ್ತದೆ. ಹಾಲು ತುಂಬಿ ಎದೆ ಬಿಗಿಯುವ, ಕಾಮಾಲೆ ಏರಿ ಇಳಿಯುವ, ಹೊಲಿಗೆ ನೋಯುವ, ರಾತ್ರಿ ಹಗಲು ಅದಲುಬದಲಾಗುವ ದಿನಗಳೆಲ್ಲ ಕಳೆಯುವುದು ಮನೆಯಲ್ಲೇ. ಮನೆಯವರು ತಿಳಿದಿರಬೇಕಾದದ್ದು ಹೆಚ್ಚಿರುವುದೂ ಆ ದಿನಗಳ ಬಗ್ಗೆಯೇ.

ಮೊದಲ ಹಾಲು

ಮಗು ಹುಟ್ಟಿ, ಅತ್ತು, ಮೈ ಒರೆಸಿದ ಮೇಲೆ ಅದರ ಜಾಗ ಅಮ್ಮನ ಎದೆಯ ಮೇಲೆ. ಬಟ್ಟೆಯ ಅಡ್ಡಿಯಿಲ್ಲದೆ ಮೈಗೆ ಮೈ ತಾಗಿಸಿ, ಮೇಲೊಂದು ಬಟ್ಟೆ ಹೊದಿಸಿದರೆ ಕೂಸು ತಣ್ಣಗಾಗುವುದಿಲ್ಲ. ತಾನೇ ಎದೆ ಹುಡುಕತೊಡಗುತ್ತದೆ. ಒಂದು ಗಂಟೆಯೊಳಗೆ ಮೊಲೆಗೆ ಹಚ್ಚಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಿಸೇರಿಯನ್ ಆಗಿ ತಾಯಿ ಎಚ್ಚರವಾಗಿದ್ದರೆ ಅಲ್ಲೂ ಇದು ಸಾಧ್ಯ. ಆದರೂ ನಮ್ಮ ರಾಜ್ಯದಲ್ಲಿ ಮೊದಲ ಗಂಟೆಯಲ್ಲೇ ಹಾಲು ಸಿಗುವುದು ಹೆಚ್ಚುಕಡಿಮೆ ಅರ್ಧದಷ್ಟು ಶಿಶುಗಳಿಗೆ ಮಾತ್ರ. ಹೆರಿಗೆಗೆ ಮೊದಲೇ ವೈದ್ಯರ ಹತ್ತಿರ ಈ ಮಾತನ್ನು ಆಡಿಟ್ಟುಕೊಂಡಿದ್ದರೆ, ಆ ಗಡಿಬಿಡಿಯ ಹೊತ್ತಿನಲ್ಲಿ ಯಾರಾದರೂ ನೆನಪಿಸುತ್ತಾರೆ.

ಮೊದಲ ಎರಡು ಮೂರು ದಿನ ಬರುವುದು ಹಳದಿ ಬಣ್ಣದ, ಅಂಟಂಟಾದ ಹಾಲು. ಇದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿ, ಬದಲಿಗೆ ಸಕ್ಕರೆ ನೀರನ್ನೋ ಜೇನುತುಪ್ಪವನ್ನೋ ನೆಕ್ಕಿಸುವ ಮನೆಗಳು ಇನ್ನೂ ಇವೆ. ಮಗುವನ್ನು ಸೋಂಕಿನಿಂದ ಕಾಯುವ ಅಂಶಗಳು ದಟ್ಟವಾಗಿರುವುದು ಆ ಹಳದಿ ಹಾಲಿನಲ್ಲೇ. ಜೇನುತುಪ್ಪದಲ್ಲಿ ಬೊಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಹೊಟ್ಟೆ ಅದನ್ನು ತಾಳಿಕೊಳ್ಳುತ್ತದೆ, ಕೂಸಿನ ಕರುಳು ತಾಳದು. ವರ್ಷ ತುಂಬುವವರೆಗೆ ಜೇನು ಬೇಡ.

ಮೊದಲ ದಿನ ಮಗು ಒಂದು ಸಲಕ್ಕೆ ಕುಡಿಯುವುದು ಹೆಚ್ಚೆಂದರೆ ಒಂದು ಟೀ ಚಮಚದಷ್ಟು. ಇದು ಗೊತ್ತಿಲ್ಲದೆ ಮನೆಯವರು ಗಾಬರಿಯಾಗುತ್ತಾರೆ. "ಹಾಲೇ ಬಂದಿಲ್ಲ ಕಣೇ, ಮಗು ಅಳ್ತಾನೇ ಇದೆ, ಡಬ್ಬಿ ಹಾಲು ತರಿಸಿಬಿಡೋಣ" ಎಂಬ ಮಾತು ಎರಡನೇ ರಾತ್ರಿ ಬಹುತೇಕ ಮನೆಗಳಲ್ಲಿ ಕೇಳಿಬರುತ್ತದೆ. ಡಬ್ಬಿ ಹಾಲು ಕುಡಿದ ಮಗು ಎದೆ ಚೀಪುವುದು ಕಡಿಮೆಯಾಗುತ್ತದೆ. ಚೀಪುವುದು ಕಡಿಮೆಯಾದರೆ ಹಾಲು ಉತ್ಪತ್ತಿಯೂ ಇಳಿಯುತ್ತದೆ. ಆಮೇಲೆ ನಿಜವಾಗಿಯೂ ಹಾಲು ಸಾಲದಾಗುತ್ತದೆ. ಹೆಚ್ಚಿನ ತಾಯಂದಿರಿಗೆ ಮೂರು ನಾಲ್ಕನೇ ದಿನಕ್ಕೆ ಹಾಲು ತುಂಬಿ ಬರುತ್ತದೆ. ಅಲ್ಲಿಯವರೆಗೆ ದಿನಕ್ಕೆ ಎಂಟರಿಂದ ಹನ್ನೆರಡು ಸಲ, ರಾತ್ರಿಯೂ ಸೇರಿ, ಎದೆಗೆ ಹಚ್ಚುತ್ತಲೇ ಇರಬೇಕು. ಗಡಿಯಾರ ನೋಡುವುದಕ್ಕಿಂತ ಮಗುವಿನ ಬಾಯಿ ನೋಡುವುದು ಮೇಲು. ತುಟಿ ಚಪ್ಪರಿಸುವುದು, ಮುಷ್ಟಿಯನ್ನು ಬಾಯಿಗೆ ಒಯ್ಯುವುದು, ತಲೆ ಅತ್ತಿತ್ತ ತಿರುಗಿಸುವುದು ಹಸಿವಿನ ಮೊದಲ ಗುರುತುಗಳು. ಅಳು ಬರುವುದು ಕೊನೆಗೆ.

ಹಾಲು ಸಾಕಾಗುತ್ತಿದೆಯೇ ಎಂದು ತಿಳಿಯಲು ಸುಲಭದ ಲೆಕ್ಕ ಒದ್ದೆ ಬಟ್ಟೆ. ಐದಾರನೇ ದಿನದಿಂದ ಇಪ್ಪತ್ತನಾಲ್ಕು ಗಂಟೆಯಲ್ಲಿ ಕನಿಷ್ಠ ಆರು ಸಲವಾದರೂ ಮೂತ್ರ ಹೋಗಬೇಕು. ಕಪ್ಪಗೆ ಟಾರಿನಂತಿದ್ದ ಮೊದಲ ದಿನಗಳ ಮಲ ಹಸಿರಾಗಿ, ವಾರದೊಳಗೆ ಹಳದಿಗೆ ತಿರುಗಬೇಕು. ತೂಕದ ವಿಷಯದಲ್ಲಿ ಒಂದು ಸಂಗತಿ ಮೊದಲೇ ತಿಳಿದಿದ್ದರೆ ಹೆದರಿಕೆ ತಪ್ಪುತ್ತದೆ: ಮೊದಲ ವಾರ ಮಗುವಿನ ತೂಕ ಇಳಿಯುವುದು ಸಹಜ. ಮೂರು ಕೆ.ಜಿ.ಯ ಕೂಸು 300 ಗ್ರಾಂವರೆಗೂ ಇಳಿಯಬಹುದು. ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕ ಮರಳಿ ಬರಬೇಕು, ಅಲ್ಲಿಂದ ಮುಂದೆ ದಿನಕ್ಕೆ 25–30 ಗ್ರಾಂನಂತೆ ಏರಬೇಕು. ಹಾಗಾಗದಿದ್ದರೆ ಮಕ್ಕಳ ವೈದ್ಯರನ್ನು ಕಾಣಬೇಕು. ಡಬ್ಬಿ ಹಾಲು ನಿಜವಾಗಿ ಬೇಕಾಗುವ ಮಕ್ಕಳೂ ಇದ್ದಾರೆ. ಅದನ್ನು ವೈದ್ಯರು ತೀರ್ಮಾನಿಸಿದರೆ ತಾಯಿ ಕೊರಗುವಂಥದ್ದೇನೂ ಇಲ್ಲ.

ಮೊಲೆತೊಟ್ಟು ಬಿರಿದು ರಕ್ತ ಬಂದು, ಹಾಲು ಕುಡಿಸುವುದೆಂದರೆ ಕಣ್ಣೀರು ಎನ್ನುವಂತಾಗುವುದು ಬಹುಪಾಲು ಮಗುವನ್ನು ಹಿಡಿಯುವ ರೀತಿಯಿಂದ. ಕೂಸನ್ನು ಪೂರ್ತಿ ತಾಯಿಯ ಕಡೆ ತಿರುಗಿಸಿ, ಹೊಟ್ಟೆಗೆ ಹೊಟ್ಟೆ ತಾಗಿಸಿ, ಅದರ ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರುವಂತೆ ಹಿಡಿಯಬೇಕು. ಮೂಗು ತೊಟ್ಟಿನ ಎದುರಿಗೆ ಬರಲಿ. ತೊಟ್ಟಿನಿಂದ ಮೇಲ್ದುಟಿಯನ್ನು ಮೆಲ್ಲಗೆ ಸವರಿದರೆ ಮಗು ಆಕಳಿಸುವಂತೆ ಬಾಯಿ ಅಗಲಿಸುತ್ತದೆ. ಆ ಕ್ಷಣ ಮಗುವನ್ನು ಎದೆಯ ಹತ್ತಿರ ತರಬೇಕು. ತಾಯಿ ಬಗ್ಗಿ ಎದೆಯನ್ನು ಬಾಯಿಗೆ ತುರುಕಿದರೆ ಬೆನ್ನು ನೋವು ಖಂಡಿತ. ತೊಟ್ಟಿನ ಜೊತೆಗೆ ಸುತ್ತಲಿನ ಕಪ್ಪು ಭಾಗವೂ, ಅದರಲ್ಲೂ ಕೆಳಗಿನದು, ಬಾಯೊಳಗೆ ಹೋಗಿರಬೇಕು. ಗದ್ದ ಎದೆಗೆ ಒತ್ತಿದೆ, ಕೆಳದುಟಿ ಹೊರಕ್ಕೆ ಮಡಚಿದೆ, ಕೆನ್ನೆ ಉಬ್ಬಿದೆ, ನಡುನಡುವೆ ಗುಟುಕು ನುಂಗುವ ಸದ್ದು ಕೇಳುತ್ತಿದೆ ಎಂದರೆ ಸರಿಯಾಗಿ ಹಿಡಿದಿದೆ. ನೋಯುತ್ತಿದ್ದರೆ ಕಿರುಬೆರಳನ್ನು ಬಾಯಂಚಿನಲ್ಲಿ ತೂರಿಸಿ ಬಿಡಿಸಿ, ಮತ್ತೆ ಹಚ್ಚಬೇಕು. ಆಸ್ಪತ್ರೆ ಬಿಡುವ ಮೊದಲು ನರ್ಸ್ ಎದುರು ಎರಡು ಮೂರು ಸಲ ಹಾಲು ಕುಡಿಸಿ ತೋರಿಸಿ, ತಿದ್ದಿಸಿಕೊಳ್ಳುವುದು ಯಾವ ಉಡುಗೊರೆ ಡಬ್ಬಿಗಿಂತಲೂ ಉಪಯೋಗಕ್ಕೆ ಬರುತ್ತದೆ.

ಚೀಪಲು ಬಾರದ ಸಣ್ಣ ಮಗುವಿಗೆ ಹಾಲು ಹಿಂಡಿ ಕುಡಿಸಬೇಕಾಗುತ್ತದೆ. ಅದಕ್ಕೆ ಬಾಟಲಿಗಿಂತ ನಮ್ಮ ಹಳೆಯ ಒಳಲೆಯೇ ಒಳ್ಳೆಯದು. ತೊಳೆಯುವುದು, ಕುದಿಸುವುದು ಸುಲಭ, ಮಗು ರಬ್ಬರಿನ ತೊಟ್ಟಿಗೆ ಒಗ್ಗಿಕೊಳ್ಳುವ ತೊಂದರೆಯೂ ಇಲ್ಲ. ಹಿಂಡಿದ ಹಾಲನ್ನು ಹೊರಗೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ಒಂದು ದಿನ ಇಡಬಹುದು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೊರಗಿಡದಿರುವುದೇ ಲೇಸು. ತಾಯಿಗೆ ಹಾಲು ಬರುವುದೇ ತಡವಾದ, ಅವಧಿಗೆ ಮೊದಲೇ ಹುಟ್ಟಿದ ಶಿಶುಗಳಿಗೆ ಬೇರೆ ತಾಯಂದಿರು ದಾನ ಕೊಟ್ಟ ಹಾಲನ್ನು ಪಾಶ್ಚರೀಕರಿಸಿ ಕೊಡುವ ಎದೆಹಾಲಿನ ಬ್ಯಾಂಕುಗಳಿವೆ. ಏಷ್ಯಾದ ಮೊದಲ ಇಂಥ ಬ್ಯಾಂಕನ್ನು 1989ರಲ್ಲಿ ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಶುರುಮಾಡಿದರು. ಬೆಂಗಳೂರಿನ ವಾಣಿವಿಲಾಸ, ಮಂಗಳೂರಿನ ಲೇಡಿಗೋಷನ್ ಸರ್ಕಾರಿ ಆಸ್ಪತ್ರೆಗಳಲ್ಲೂ ಈಗ ಈ ವ್ಯವಸ್ಥೆ ಇದೆ.

ಎಣ್ಣೆನೀರು, ಸಾಂಬ್ರಾಣಿ, ಬಜೆ

ಬಾಣಂತನ ಮಾಡುವ ಅಜ್ಜಿಯರ ಕೈಗೆ ದೊಡ್ಡ ಗುಣವಿದೆ: ಆ ಕೈಗಳು ಹೆತ್ತವಳಿಂದ ಕೆಲಸವನ್ನು ಕಿತ್ತುಕೊಳ್ಳುತ್ತವೆ. ಅದು ಉಳಿಯಬೇಕು. ಜೊತೆಗೆ ಬಂದ ಕೆಲವು ಅಭ್ಯಾಸಗಳನ್ನು ಬಿಡಬೇಕು. ಯಾವುದು ಉಳಿಯಬೇಕು, ಯಾವುದು ಹೋಗಬೇಕೆಂದು ಹೆರಿಗೆಗೆ ಮುಂಚೆಯೇ, ಸಮಾಧಾನದಿಂದ, ಅಜ್ಜಿಯ ಜೊತೆ ಕೂತು ಮಾತಾಡಿದರೆ ಮನಸ್ತಾಪವೂ ಉಳಿಯುವುದಿಲ್ಲ.

ಹುಟ್ಟಿದ ಮೊದಲ ಇಪ್ಪತ್ತನಾಲ್ಕು ಗಂಟೆ ಸ್ನಾನ ಬೇಡ. ಮೈಮೇಲಿನ ಬಿಳಿ ಲೇಪ ಚರ್ಮವನ್ನು ಕಾಯುತ್ತದೆ, ಅದನ್ನು ಉಜ್ಜಿ ತೆಗೆಯಬಾರದು. ಹೊಕ್ಕುಳಬಳ್ಳಿ ಉದುರುವವರೆಗೆ ಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು. ಆಮೇಲೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿ ನೀರು ಹಾಕುವ ಸಂಪ್ರದಾಯಕ್ಕೆ ಅಡ್ಡಿಯಿಲ್ಲ. ಕೊಬ್ಬರಿ ಎಣ್ಣೆ ಒಳ್ಳೆಯದು. ಸಾಸಿವೆ ಎಣ್ಣೆ ಎಳೆ ಚರ್ಮಕ್ಕೆ ಆಗಿಬರುವುದಿಲ್ಲ. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಬೇಕು; ದಿನವೂ ಪಾತ್ರೆ ತಿಕ್ಕಿ ದಡ್ಡುಗಟ್ಟಿದ ಅಂಗೈಗೆ ಹದವಾಗಿ ಕಂಡದ್ದು ಕೂಸಿಗೆ ಸುಡುತ್ತದೆ. ನೀರು ಹಾಕುವಾಗ ಮೂಗು, ಕಿವಿಗೆ ಎಣ್ಣೆ ಬಿಡುವುದು, ಬಾಯಿಗೆ ಬೆರಳು ಹಾಕಿ ಕಫ ತೆಗೆಯುವುದು, ಮೂಗನ್ನು ಒತ್ತಿ ನೀಳ ಮಾಡುವುದು, ಉಬ್ಬಿದ ಪುಟ್ಟ ಎದೆಯನ್ನು ಹಿಂಡುವುದು ಬೇಡವೇ ಬೇಡ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುತ್ತದೆ. ತಾಯಿಯ ಹಾರ್ಮೋನಿನಿಂದ ಗಂಡು, ಹೆಣ್ಣು ಎರಡೂ ಮಕ್ಕಳಿಗೆ ಎದೆ ಉಬ್ಬುತ್ತದೆ, ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಹಿಂಡಿದರೆ ಕೀವಾಗುತ್ತದೆ. ಅದೇ ಹಾರ್ಮೋನಿನ ಕಾರಣ ಹೆಣ್ಣುಕೂಸಿಗೆ ಮೊದಲ ವಾರ ಒಂದೆರಡು ಹನಿ ರಕ್ತ ಕಾಣಿಸಿಕೊಂಡರೂ ಗಾಬರಿ ಬೇಡ.

ಹೊಕ್ಕುಳಿಗೆ ಏನನ್ನೂ ಹಚ್ಚಬಾರದು. ಅರಿಶಿನ, ಬೂದಿ, ಎಣ್ಣೆ, ಪೌಡರು ಯಾವುದೂ ಬೇಡ. ಗಾಳಿಯಾಡಿ ಒಣಗಿದರೆ ಐದರಿಂದ ಹದಿನೈದು ದಿನದೊಳಗೆ ಬಳ್ಳಿ ಉದುರುತ್ತದೆ. ಸುತ್ತ ಕೆಂಪಾದರೆ, ಕೀವು ಬಂದರೆ, ನಾರಿದರೆ ಆಸ್ಪತ್ರೆಗೆ ಹೋಗಬೇಕು.

ಸಾಂಬ್ರಾಣಿ ಹೊಗೆ, ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡುವುದು, ಇವು ಬೆಚ್ಚಗಿಡುವ ಉದ್ದೇಶದಿಂದ ಬಂದ ಪದ್ಧತಿಗಳು. ಮುಚ್ಚಿದ ಕೋಣೆಯ ಕೆಂಡ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವಾಗುವುದಿಲ್ಲ. ಬೆಚ್ಚಗಿಡಲು ಕುಲಾವಿ, ಕಾಲುಚೀಲ, ಎರಡು ಪದರ ಹತ್ತಿಬಟ್ಟೆ, ಅಮ್ಮನ ಮಗ್ಗುಲು ಸಾಕು. ಕೈ ಹಿಂಬದಿಯಿಂದ ಕೂಸಿನ ಹೊಟ್ಟೆಯನ್ನೂ ಅಂಗಾಲನ್ನೂ ಮುಟ್ಟಿ ನೋಡಬೇಕು: ಎರಡೂ ಬೆಚ್ಚಗಿದ್ದರೆ ಸರಿ, ಅಂಗಾಲು ತಣ್ಣಗಿದ್ದರೆ ಇನ್ನೊಂದು ಪದರ ಬೇಕು, ಹೊಟ್ಟೆಯೂ ತಣ್ಣಗಿದ್ದರೆ ಕೂಡಲೇ ಮೈಗೆ ಮೈ ಹಚ್ಚಿಕೊಂಡು ವೈದ್ಯರಲ್ಲಿಗೆ ಹೊರಡಬೇಕು.

ಬಾಯಿಗೆ ಹಾಕುವ ವಿಷಯದಲ್ಲಿ ನಿಯಮ ಒಂದೇ: ಆರು ತಿಂಗಳು ಎದೆಹಾಲು ಮಾತ್ರ, ನೀರೂ ಬೇಡ. ಕಾದ ಬೇಸಿಗೆಯಲ್ಲೂ ಎದೆಹಾಲಿನಲ್ಲಿರುವ ನೀರೇ ಸಾಕು. ಇದಕ್ಕೆ ಹೊರತು, ವೈದ್ಯರು ಬರೆದುಕೊಡುವ ವಿಟಮಿನ್ ಡಿ ಹನಿಗಳು. ದಿನಕ್ಕೆ 400 ಯೂನಿಟ್. ಹರಳೆಣ್ಣೆ, ಗ್ರೈಪ್ ವಾಟರ್, ಕಲ್ಲಿನ ಮೇಲೆ ತೇಯ್ದ ಬಜೆ ಎಲ್ಲವನ್ನೂ ದೂರವಿಡಬೇಕು. ಬಜೆಯ ಬೇರಿನಲ್ಲಿರುವ ಒಂದು ರಾಸಾಯನಿಕ ವಿಷಕಾರಿಯೆಂದು ಅಮೆರಿಕ 1968ರಲ್ಲೇ ಅದನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ಡಲ್ಲಾಸಿಗೋ ಸಿಡ್ನಿಗೋ ಮಗಳ ಬಾಣಂತನಕ್ಕೆ ಹೊರಡುವ ಅಮ್ಮಂದಿರ ಸೂಟ್‌ಕೇಸಿನಲ್ಲೂ ಅದಿರುತ್ತದೆ. ಅಲ್ಲಿಗೆ ಒಯ್ಯುವುದಾದರೆ ಹತ್ತಿಸೀರೆ ಹರಿದು ಮಾಡಿದ ಮೆತ್ತನೆ ಬಟ್ಟೆಗಳನ್ನು ಒಯ್ಯಲಿ. ಕಣ್ಣಿಗೆ ಕಾಡಿಗೆ ಹಚ್ಚುವುದರಿಂದ ಸೋಂಕಿನ ಜೊತೆ ಸೀಸವೂ ಸೇರುವ ಅಪಾಯವಿದೆ. ದೃಷ್ಟಿಬೊಟ್ಟು ಬೇಕೇಬೇಕೆಂದರೆ ಅಂಗಾಲಿಗೆ ಇಡಬಹುದು.

ಪದ್ಧತಿಯ ಹೆಸರಿನಲ್ಲಿ ನಡೆಯುವ ಕೆಲವು ಸಂಗತಿಗಳು ಜೀವಕ್ಕೇ ಎರವಾಗುತ್ತವೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಸೂತಕದ ಕಾರಣಕ್ಕೆ ಬಾಣಂತಿಯನ್ನೂ ಕೂಸನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇರಿಸಲಾಗಿತ್ತು. ಮಳೆ, ಶೀತದಲ್ಲಿ ಕೂಸು ಉಳಿಯಲಿಲ್ಲ. ಕಾಮಾಲೆಗೆ, ಫಿಟ್ಸ್‌ಗೆ ಬರೆ ಎಳೆಯುವುದೂ ಇದೇ ಸಾಲಿನದು. ಸೂತಕ ಆಚರಿಸುವವರು ದೇವರ ಕೋಣೆಗೆ ಹೋಗದೆ ಇರಲಿ, ಹತ್ತು ದಿನ ಹಬ್ಬ ಮಾಡದೆ ಇರಲಿ. ತಾಯಿ ಮಗುವಿಗೆ ಮಾತ್ರ ಮನೆಯ ಬೆಚ್ಚಗಿನ, ಗಾಳಿಯಾಡುವ ಕೋಣೆಯೇ ಸಿಗಬೇಕು.

ಮಲಗಿಸುವುದು ಅಂಗಾತ, ಪ್ರತಿ ಸಲವೂ. ತೊಟ್ಟಿಲಲ್ಲಿ ಗಟ್ಟಿ ಹಾಸಿಗೆ ಇರಲಿ; ದಿಂಬು, ಬೊಂಬೆ, ಸಡಿಲ ಹೊದಿಕೆ ಬೇಡ. ಸೀರೆಯ ಜೋಳಿಗೆಯಲ್ಲಿ ಕುತ್ತಿಗೆ ಮಡಚಿ ಉಸಿರಿಗೆ ತೊಂದರೆಯಾಗಬಹುದು, ಹಾಗಾಗಿ ಎದುರಿಗೆ ಯಾರೂ ಇಲ್ಲದಾಗ ಅದರಲ್ಲಿ ಬಿಡಬಾರದು.

ಯಾವಾಗ ಓಡಬೇಕು

ಬಿಕ್ಕಳಿಕೆ, ಸೀನು, ಚರ್ಮ ಸುಲಿಯುವುದು, ಮೂಗಿನ ಮೇಲೆ ಬಿಳಿ ಚುಕ್ಕೆ, ಬೆನ್ನ ಕೆಳಗೆ ನೀಲಿ ಮಚ್ಚೆ, ಕುಡಿದ ಮೇಲೆ ಸ್ವಲ್ಪ ಹಾಲು ಕಕ್ಕುವುದು ಎಲ್ಲವೂ ಸಹಜ. ಕಾಮಾಲೆ ಮಾತ್ರ ಕಣ್ಣಿಟ್ಟು ನೋಡಬೇಕಾದದ್ದು. ತಿಂಗಳು ತುಂಬಿ ಹುಟ್ಟಿದ ಮಕ್ಕಳಲ್ಲೂ ಅರ್ಧಕ್ಕಿಂತ ಹೆಚ್ಚಿನವಕ್ಕೆ ಎರಡು ಮೂರನೇ ದಿನ ಮುಖ ಹಳದಿಯಾಗಿ, ಎರಡು ವಾರದೊಳಗೆ ತಿಳಿಯಾಗುತ್ತದೆ. ಹುಟ್ಟಿದ ಇಪ್ಪತ್ತನಾಲ್ಕು ಗಂಟೆಯೊಳಗೇ ಹಳದಿ ಕಂಡರೆ, ಅಂಗೈ ಅಂಗಾಲಿಗೆ ಹಳದಿ ಇಳಿದರೆ, ಮಗು ಮಂಕಾಗಿ ಹಾಲು ಬಿಟ್ಟರೆ ತಡಮಾಡಬಾರದು. ಏರಿದ ಬಿಲಿರುಬಿನ್ ಮೆದುಳಿಗೆ ಹೋದರೆ ಆದ ಹಾನಿ ಸರಿಯಾಗುವುದಿಲ್ಲ. ಆಸ್ಪತ್ರೆಯ ನೀಲಿ ಬೆಳಕಿನ ಚಿಕಿತ್ಸೆ ಸುಲಭ. ಬೆಳಗಿನ ಎಳೆಬಿಸಿಲು ಅದಕ್ಕೆ ಬದಲಿಯಾಗಲಾರದು.

ಉಳಿದ ಅಪಾಯ ಸೂಚನೆಗಳನ್ನು ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಹಾಲು ಕುಡಿಯುವುದನ್ನು ಬಿಟ್ಟುಬಿಡುವುದು. ಮುಟ್ಟಿ ಎಬ್ಬಿಸಿದರೂ ಕೈಕಾಲು ಆಡಿಸದಿರುವುದು. ಫಿಟ್ಸ್. ಮೈ ಸುಡುವುದು ಅಥವಾ ತಣ್ಣಗಾಗುವುದು, ಥರ್ಮಾಮೀಟರಿನಲ್ಲಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಸರಿಯಾದ ತಾಪ. ಮಗು ಶಾಂತವಾಗಿದ್ದಾಗ ಪೂರ್ತಿ ಒಂದು ನಿಮಿಷ ಎಣಿಸಿದರೆ ಉಸಿರು 60 ಮುಟ್ಟುವುದು, ಎದೆಗೂಡಿನ ಕೆಳಭಾಗ ಒಳಕ್ಕೆ ಎಳೆದುಕೊಳ್ಳುವುದು. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ. ದಾರಿಯುದ್ದಕ್ಕೂ ಮಗು ತಾಯಿಯ ಎದೆಗೆ ತಾಗಿಕೊಂಡೇ ಇರಲಿ.

ಈ ಸೂಚನೆಗಳನ್ನು ಹಳ್ಳಿಯ ಮಹಿಳೆಯರೇ ಗುರುತಿಸಿ ಜೀವ ಉಳಿಸಬಲ್ಲರೆಂದು ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ತೋರಿಸಿಕೊಟ್ಟರು. 39 ಹಳ್ಳಿಗಳಲ್ಲಿ ತರಬೇತಿ ಪಡೆದ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ನೋಡಿಕೊಂಡದ್ದರಿಂದ ನವಜಾತ ಶಿಶುಗಳ ಸಾವು ಶೇ 62ರಷ್ಟು ಇಳಿಯಿತೆಂದು 1999ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಆಶಾ ಕಾರ್ಯಕರ್ತೆ ಇಂದು 3, 7, 14, 21, 28 ಮತ್ತು 42ನೇ ದಿನ ತಕ್ಕಡಿ, ಥರ್ಮಾಮೀಟರು ಹಿಡಿದು ಬಾಗಿಲಿಗೆ ಬರುವುದರ ಹಿಂದೆ ಆ ಕೆಲಸವಿದೆ. ಆಕೆಯನ್ನು ಹೊಸ್ತಿಲಲ್ಲೇ ಮಾತಾಡಿಸಿ ಕಳಿಸದೆ ಒಳಗೆ ಕರೆದು, ಮಗುವಿನ ತೂಕ ಹಾಕಿಸಿ, ತಾಯಿ ಕಾರ್ಡಿನಲ್ಲಿ ಬರೆಸಬೇಕು. ಹೆರಿಗೆಗೆ ತವರಿಗೆ ಹೋದವರು ಆ ಊರಿನ ಆಶಾಗೆ ಮೊದಲೇ ತಿಳಿಸದಿದ್ದರೆ ಎರಡೂ ಊರಿನ ಪಟ್ಟಿಯಿಂದ ಹೊರಗುಳಿಯುತ್ತಾರೆ. ಇದು ನಮ್ಮಲ್ಲಿ ಬಹಳ ಆಗುತ್ತದೆ.

ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳಿಗೆ ಕಾಂಗರೂ ಆರೈಕೆ ದೊಡ್ಡ ಔಷಧ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರುಗಳ ಕೊರತೆಯಾದಾಗ ಡಾ. ಎಡ್ಗರ್ ರೇ ತಾಯಂದಿರ ಎದೆಯ ಮೇಲೆಯೇ ಕೂಸುಗಳನ್ನು ಕಟ್ಟಿ ಇರಿಸಿದರು. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹುಟ್ಟಿದ ಕೂಡಲೇ ಇದನ್ನು ಶುರುಮಾಡಿದ ಶಿಶುಗಳಲ್ಲಿ ಸಾವು ಕಾಲುಭಾಗ ಕಡಿಮೆಯಿತ್ತು. ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಆರೋಗ್ಯ ಇಲಾಖೆಯ ಜೊತೆಗೂಡಿ ಇದನ್ನು ಸರ್ಕಾರಿ ಆಸ್ಪತ್ರೆಗಳಲ್ಲೂ ಮನೆಗಳಲ್ಲೂ ರೂಢಿಗೆ ತರಲು ಕೆಲಸ ಮಾಡಿದೆ. ಅಪ್ಪ, ಅಜ್ಜಿ ಯಾರ ಎದೆಯಾದರೂ ಆಗುತ್ತದೆ. ಅಂಗಿ ಬಿಚ್ಚಿ, ಕೂಸನ್ನು ಎದೆಗೆ ನೇರವಾಗಿ ಒರಗಿಸಿ, ಶಾಲು ಕಟ್ಟಿಕೊಂಡು ಕೂರುವ ಮನಸ್ಸು ಬೇಕು. ಇಂಥ ಸಣ್ಣ ಶಿಶುಗಳಿಗೆ, ಅದರಲ್ಲೂ 34 ವಾರಕ್ಕೆ ಮೊದಲು ಅಥವಾ ಎರಡು ಕೆ.ಜಿ.ಗಿಂತ ಕಡಿಮೆ ತೂಕದಲ್ಲಿ ಹುಟ್ಟಿದವಕ್ಕೆ, ಮೂವತ್ತು ದಿನ ತುಂಬುವ ಮೊದಲೇ ಕಣ್ಣಿನ ರೆಟಿನಾ ಪರೀಕ್ಷೆ ಆಗಲೇಬೇಕು. ತಡವಾದರೆ ದೃಷ್ಟಿ ಮರಳಿ ಬರದಂತೆ ಹೋಗಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯದ 'ಕಿಡ್‌ರಾಪ್' ಕಾರ್ಯಕ್ರಮ 2008ರಿಂದ ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೇ ಹೋಗಿ ಇದನ್ನು ಮಾಡುತ್ತ ಬಂದಿದೆ.

ಬಾಣಂತಿಯ ಪಾಲು

ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲರಿ ಹೆಚ್ಚು ಆಹಾರ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಲೆಕ್ಕ ಹಾಕಿದೆ. ಹೆಚ್ಚುಕಡಿಮೆ ಇನ್ನೊಂದು ಹೊತ್ತಿನ ಊಟ ಅದು. ಉತ್ತರ ಕರ್ನಾಟಕದ ಅಂಟಿನುಂಡಿ, ಅಳವಿ ಪಾಯಸ, ಕರಾವಳಿಯ ಮೆಂತ್ಯದ ಗಂಜಿ, ಹಳೆ ಮೈಸೂರಿನ ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು, ತುಪ್ಪ, ಬೆಳ್ಳುಳ್ಳಿ ಎಲ್ಲ ಇದಕ್ಕೆ ಒದಗಿಬಂದ ತಿನಿಸುಗಳೇ. ತೊಂದರೆ ಇರುವುದು ಬೇಡವೆನ್ನುವ ಪಟ್ಟಿಯಲ್ಲಿ. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಹಣ್ಣು ತಿಂದರೆ ಮಗುವಿಗೆ ಶೀತ, ಬೇಳೆ ತಿಂದರೆ ವಾಯು ಎಂದು ಒಂದೊಂದನ್ನೇ ಕಳೆಯುತ್ತ ಹೋದರೆ ಕೊನೆಗೆ ತಟ್ಟೆಯಲ್ಲಿ ಅನ್ನ, ಸಾರು ಮಾತ್ರ ಉಳಿಯುತ್ತದೆ. ಬಾಯಾರಿದಾಗಲೆಲ್ಲ ನೀರು ಕುಡಿಯಬೇಕು, ಇಲ್ಲವಾದರೆ ಮಲಬದ್ಧತೆ, ಉರಿಮೂತ್ರ ಬರುತ್ತದೆ. ಸೊಪ್ಪು, ಕಾಳು, ಹಣ್ಣು, ತಿನ್ನುವವರಾದರೆ ಮೊಟ್ಟೆ, ಮೀನು, ಮಾಂಸ ಎಲ್ಲ ಸೇರಲಿ. ಕಬ್ಬಿಣದ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಹೆರಿಗೆಯ ಮೇಲೂ ಆರು ತಿಂಗಳು ಬಿಡಬಾರದು.

ಮಲಗಿರುವುದೇ ಬಾಣಂತನ ಎಂದುಕೊಂಡವರೂ ಇದ್ದಾರೆ. ಎರಡನೇ ದಿನದಿಂದಲೇ ಮೆಲ್ಲಗೆ ಎದ್ದು ಓಡಾಡಬೇಕು. ಇಲ್ಲವಾದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಒಂದು ಕಾಲು ಮಾತ್ರ ಊದಿ ನೋಯುವುದು, ಇದ್ದಕ್ಕಿದ್ದಂತೆ ಏದುಸಿರು, ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತಸ್ರಾವ, ಚಳಿಜ್ವರ, ದುರ್ವಾಸನೆಯ ಸ್ರಾವ, ಕಣ್ಣು ಮಂಜಾಗುವಂಥ ತಲೆನೋವು: ಇವೆಲ್ಲ ತುರ್ತು. ಗರ್ಭಿಣಿಯಾಗಿದ್ದಾಗ ಬಿ.ಪಿ. ಸರಿಯಿದ್ದವರಿಗೂ ಹೆರಿಗೆಯ ನಂತರದ ವಾರಗಳಲ್ಲಿ ಏರಬಹುದು. ಮಗುವನ್ನು ನೋಡಲು ಮನೆ ತುಂಬ ಜನ ಬಂದಿರುವಾಗ ತಾಯಿಯ ತಲೆನೋವನ್ನು ನಿದ್ದೆಗೇಡೆಂದು ತಳ್ಳಿಹಾಕುವುದು ಸುಲಭ. ಹಾಗಾಗಬಾರದು.

ಮನಸ್ಸಿನ ವಿಷಯ ಇನ್ನೂ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗಿದೆ. ಮೊದಲ ವಾರ ಕಾರಣವಿಲ್ಲದೆ ಅಳು, ಸಿಡುಕು, ಹೆದರಿಕೆ ಬರುವುದು ಬಹುಪಾಲು ತಾಯಂದಿರಿಗೆ ಉಂಟು, ಹತ್ತು ಹದಿನೈದು ದಿನದಲ್ಲಿ ತಿಳಿಯಾಗುತ್ತದೆ. ಎರಡು ವಾರ ಕಳೆದರೂ ಯಾವುದರಲ್ಲೂ ಆಸಕ್ತಿಯಿಲ್ಲ, ಮಗು ಮಲಗಿದರೂ ನಿದ್ದೆ ಬರುತ್ತಿಲ್ಲ, ತಾನು ತಾಯಿಯಾಗಲು ಲಾಯಕ್ಕಿಲ್ಲ ಎನಿಸುತ್ತಿದೆ, ಸಾಯುವ ಯೋಚನೆ ಬರುತ್ತಿದೆ ಎಂದರೆ ಅದು ಖಿನ್ನತೆ. ಭಾರತದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯ ಪ್ರಕಾರ ನೂರಕ್ಕೆ 22 ತಾಯಂದಿರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ತೀರ ಅಪರೂಪಕ್ಕೆ ಕೆಲವರಿಗೆ ಭ್ರಮೆ, ಸಂಬಂಧವಿಲ್ಲದ ಮಾತು, ವಿಪರೀತ ಅನುಮಾನ ಶುರುವಾಗುತ್ತದೆ. ಆಗ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ತಾಯಿಯನ್ನೂ ಮಗುವನ್ನೂ ಒಂಟಿಯಾಗಿ ಬಿಡಬಾರದು.

ಕನ್ನಡ ಓದುಗರಿಗೆ ಇದು ಹೊಸ ವಿಷಯವೇನಲ್ಲ. ತ್ರಿವೇಣಿಯವರ ಕಾದಂಬರಿ 'ಶರಪಂಜರ'ದ ಕಾವೇರಿ ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ತುತ್ತಾಗಿ, ಗುಣವಾಗಿ ಮನೆಗೆ ಬಂದರೂ ಮನೆಯವರೇ ಆಕೆಯನ್ನು ಹುಚ್ಚಿಯೆಂದು ನೋಡಿದ್ದರಿಂದ ಮತ್ತೆ ಕುಸಿದಳು. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ತೆರೆಗೆ ತಂದಾಗ ಕರ್ನಾಟಕವೇ ಆಕೆಗಾಗಿ ಅತ್ತಿತು. ಅದನ್ನು ಬರೆದ ತ್ರಿವೇಣಿಯವರೂ 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಇಂದು ನೆರವಿಗೆ ಜಾಗಗಳಿವೆ. ತಾಯಿಯನ್ನು ಮಗುವಿನಿಂದ ಬೇರೆ ಮಾಡದೆ ಒಟ್ಟಿಗೇ ಒಳರೋಗಿಯಾಗಿ ಇರಿಸಿಕೊಂಡು ಚಿಕಿತ್ಸೆ ಕೊಡುವ ಘಟಕ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹಾಲೂಡಿಸುವಾಗಲೂ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ.

ಮನಸ್ಸಿಗೂ ಮೈಗೂ ಮೊದಲ ಮದ್ದು ನಿದ್ದೆ. ಇಲ್ಲಿ ಗಂಡನ ಪಾಲು ಶುರುವಾಗುತ್ತದೆ. ಹಾಲು ಕುಡಿಸುವುದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಅವನು ಮಾಡಬಲ್ಲ. ರಾತ್ರಿ ಮಗುವನ್ನು ಎತ್ತಿಕೊಟ್ಟು, ಕುಡಿದಾದ ಮೇಲೆ ಭುಜಕ್ಕೆ ಹಾಕಿಕೊಂಡು ತೇಗು ಬರಿಸಿ, ಬಟ್ಟೆ ಬದಲಿಸಿ, ಮತ್ತೆ ಮಲಗಿಸಿದರೆ ಹೆಂಡತಿಗೆ ಪ್ರತಿ ಸಲ ಅರ್ಧ ಗಂಟೆ ನಿದ್ದೆ ಉಳಿಯುತ್ತದೆ. ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ; ಅದು ನಾಮಕರಣದ ಓಡಾಟಕ್ಕೇ ಮುಗಿದುಹೋಗಬಾರದು. ಹೆರಿಗೆಗೆ ತವರಿಗೆ ಕಳಿಸಿ, ವಾರಕ್ಕೊಮ್ಮೆ ನೆಂಟನಂತೆ ಬಂದುಹೋಗುವ ಗಂಡ ಈ ಕಲಿಕೆಯನ್ನೇ ಕಳೆದುಕೊಳ್ಳುತ್ತಾನೆ. ಕಂಪನಿಗಳಲ್ಲಿ ದುಡಿಯುವ ಹೆಂಗಸರಿಗೆ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ 2017ರಿಂದ ಕಾನೂನಿನ ಹಕ್ಕು. ಗಾರ್ಮೆಂಟ್ಸ್, ಮನೆಗೆಲಸ, ಕೂಲಿಯ ಹೆಂಗಸರಲ್ಲಿ ಎಷ್ಟೋ ಮಂದಿಗೆ ಆ ರಜೆ ಕಾಗದದಲ್ಲೇ ಉಳಿದಿದೆ ಅಥವಾ ಅನ್ವಯವೇ ಆಗುವುದಿಲ್ಲ, ಇದು ನೋವಿನ ಸಂಗತಿ.

ನೆಂಟರು ತಿಂಗಳ ಮಟ್ಟಿಗೆ ಕಡಿಮೆ ಬರಲಿ. ಬಂದವರು ಸೋಪು ಹಾಕಿ ಕೈ ತೊಳೆಯಲಿ, ಕೆಮ್ಮು ನೆಗಡಿ ಇದ್ದವರು ಬಾಗಿಲಲ್ಲೇ ಹರಸಲಿ, ಕೂಸಿನ ಮುಖಕ್ಕೆ ಮುತ್ತು ಕೊಡದಿರಲಿ. ಹನ್ನೊಂದನೇ ದಿನದ ನಾಮಕರಣವನ್ನು ಮನೆಮಟ್ಟಿಗೆ ಮಾಡಿ, ಛತ್ರದ ಊಟವನ್ನು ಮೂರನೇ ತಿಂಗಳಿಗೆ ಇಟ್ಟುಕೊಂಡರೆ ಯಾರಿಗೂ ನಷ್ಟವಿಲ್ಲ. ನೋಡಲು ಬರುವ ಅತ್ತಿಗೆ ನಾದಿನಿಯರು ಉಡುಗೊರೆಯ ಬದಲು ಒಂದು ಕ್ಯಾರಿಯರ್ ತುಂಬ ಊಟ ತಂದರೆ, ಅರ್ಧ ಗಂಟೆ ಕೂಸನ್ನು ನೋಡಿಕೊಂಡು ಬಾಣಂತಿಗೆ ಸ್ನಾನಕ್ಕೆ ಬಿಡುವು ಕೊಟ್ಟರೆ ಅದೇ ದೊಡ್ಡದು.

ಕಾಗದಪತ್ರ, ಹಣ

ಜನನವನ್ನು 21 ದಿನದೊಳಗೆ ನೋಂದಾಯಿಸುವುದು ಉಚಿತ. ಆಸ್ಪತ್ರೆಯೇ ಮಾಹಿತಿ ಕಳಿಸುತ್ತದೆ, ಇ-ಜನ್ಮ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ. ಡಿಸ್ಚಾರ್ಜ್‌ಗೆ ಮೊದಲು ಆ ಫಾರಂನಲ್ಲಿ ಅಪ್ಪ ಅಮ್ಮನ ಹೆಸರು, ಇನಿಷಿಯಲ್ಲು ಆಧಾರ್‌ನಲ್ಲಿರುವಂತೆಯೇ ಇದೆಯೇ ಎಂದು ಅಕ್ಷರ ಅಕ್ಷರ ಓದಿ ನೋಡಬೇಕು. ಒಂದು ಅಕ್ಷರ ತಪ್ಪಿದರೆ ಶಾಲೆ, ಪಾಸ್‌ಪೋರ್ಟ್‌ವರೆಗೂ ಬೆನ್ನು ಬಿಡುವುದಿಲ್ಲ. 2023ರ ಅಕ್ಟೋಬರ್‌ನಿಂದ ಈಚೆಗೆ ಹುಟ್ಟಿದವರಿಗೆ ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆ. ಮಗುವಿನ ಹೆಸರನ್ನು ಆಮೇಲೆ ಸೇರಿಸಬಹುದು, ಒಂದು ವರ್ಷದವರೆಗೆ ಶುಲ್ಕವಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ಮನೆಗೆ ಬಿಡುವ ವಾಹನ ಎಲ್ಲ 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ಸಿಗುತ್ತದೆ. ಹೆರಿಗೆಯಾಗಿ ಆರು ತಿಂಗಳವರೆಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ ರಾಜ್ಯದಲ್ಲಿ 2017ರಲ್ಲಿ ಶುರುವಾಯಿತು.

ಆರನೇ ವಾರ

ಹುಟ್ಟಿದಾಗಲೇ ಬಿಸಿಜಿ, ಪೋಲಿಯೊ ಹನಿ, ಇಪ್ಪತ್ತನಾಲ್ಕು ಗಂಟೆಯೊಳಗೆ ಹೆಪಟೈಟಿಸ್ ಬಿ, ರಕ್ತಸ್ರಾವ ತಡೆಯುವ ವಿಟಮಿನ್ ಕೆ ಚುಚ್ಚುಮದ್ದು ಆಗಿರಬೇಕು. ಶ್ರವಣ ಪರೀಕ್ಷೆ, ಥೈರಾಯ್ಡ್ ಪರೀಕ್ಷೆ ಆಗಿದೆಯೇ ಎಂದು ಕೇಳಿ ತಿಳಿಯಬೇಕು. ಥೈರಾಯ್ಡ್ ಕೊರತೆ ಮೊದಲ ವಾರಗಳಲ್ಲೇ ಸಿಕ್ಕರೆ ದಿನಕ್ಕೊಂದು ಮಾತ್ರೆಯಿಂದ ಮಗುವಿನ ಬುದ್ಧಿ ಬೆಳವಣಿಗೆ ಕಾಪಾಡಬಹುದು. ಆರನೇ ವಾರಕ್ಕೆ ಪೆಂಟಾವೇಲೆಂಟ್, ಪೋಲಿಯೊ ಹನಿ ಮತ್ತು ಚುಚ್ಚುಮದ್ದು, ರೋಟಾ, ನ್ಯುಮೋಕಾಕಲ್ ಲಸಿಕೆಗಳು, ಸರ್ಕಾರಿ ಕೇಂದ್ರಗಳಲ್ಲಿ ಎಲ್ಲವೂ ಉಚಿತ. ಚುಚ್ಚುಮದ್ದಾದ ಸಂಜೆ ಸ್ವಲ್ಪ ಜ್ವರ, ಕಿರಿಕಿರಿ ಇರುತ್ತದೆ. ಪ್ಯಾರಾಸಿಟಮಾಲ್ ಹನಿ ಎಷ್ಟೆಂಬುದನ್ನು ಮಗುವಿನ ತೂಕ ನೋಡಿ ವೈದ್ಯರೇ ಹೇಳಬೇಕು. ಅಳು ಅತಿ ಹೆಚ್ಚಿರುವುದೂ ಈ ವಾರಗಳಲ್ಲೇ; ಹಾಲು ಕುಡಿದು, ತೂಕ ಏರುತ್ತಿರುವ ಮಗು ಸಂಜೆ ಹೊತ್ತು ಒಂದೆರಡು ಗಂಟೆ ಅತ್ತರೆ ಅದು ಕಾಯಿಲೆಯಲ್ಲ, ಮೂರು ತಿಂಗಳ ಹೊತ್ತಿಗೆ ಇಳಿಯುತ್ತದೆ.

ಲಸಿಕೆಗೆ ಹೋದ ದಿನವೇ ತಾಯಿಯ ತಪಾಸಣೆಯೂ ಆಗಿಬಿಡಲಿ. ಬಿ.ಪಿ., ಹಿಮೋಗ್ಲೋಬಿನ್, ಹೊಲಿಗೆ ನೋಡಿಸಬೇಕು. ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುತ್ತಿದ್ದರೆ ನಾಚಿಕೆಪಡದೆ ಹೇಳಬೇಕು, ಅದಕ್ಕೆ ವ್ಯಾಯಾಮಗಳಿವೆ. ಮುಟ್ಟು ಮತ್ತೆ ಶುರುವಾಗುವ ಮೊದಲೇ ಗರ್ಭ ನಿಲ್ಲಬಹುದು, ಆದ್ದರಿಂದ ಮುಂದಿನ ಮಗುವಿಗೆ ಎಷ್ಟು ಅಂತರ, ಅದಕ್ಕೆ ಯಾವ ವಿಧಾನ ಎಂಬ ಮಾತು ಅಂದೇ, ಗಂಡನ ಎದುರಿಗೇ ಆಗಬೇಕು. ಮತ್ತು ಜೊತೆಗೆ ಹೋದವರು ಮಗುವಿನ ತೂಕ ಕೇಳಿ ತಿಳಿದ ಮೇಲೆ ವೈದ್ಯರ ಮುಂದೆ ಇನ್ನೊಂದು ವಿಷಯ ತೆಗೆಯಲಿ: ರಾತ್ರಿ ಅವಳಿಗೆ ಎಷ್ಟು ಹೊತ್ತು ನಿದ್ದೆ ಬರುತ್ತಿದೆ, ಊಟ ಸೇರುತ್ತಿದೆಯೇ, ಮನಸ್ಸು ಹೇಗಿದೆ. ಉತ್ತರವನ್ನು ಅತ್ತೆಯೋ ಗಂಡನೋ ಕೊಡುವುದು ಬೇಡ, ಅವಳೇ ಹೇಳಲಿ.